ಉತ್ತರ ಕನ್ನಡದಿಂದ ವಿಧಾನಮಂಡಲಕ್ಕೆ ಎಷ್ಟು ಪ್ರತಿನಿಧಿಗಳು?

ನಮ್ಮ ಜಿಲ್ಲೆಯಿಂದ ಆರಿಸಿ ಹೋಗುವವರು ಆರು ಶಾಸಕರು ಮಾತ್ರವೇ ಎಂದು ಕೇಳಿದ್ದೀರಿ. ವಿಧಾನಸಭೆಯ ಮಟ್ಟಿಗೆ ಅದು ಸರಿ: ಒಟ್ಟು 224 ಸ್ಥಾನಗಳಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ ಮತ್ತು ಹಳಿಯಾಳ ನಮ್ಮವು. ಆದರೆ ಕ್ಷೇತ್ರದ ಗಡಿ ತಾಲೂಕಿನ ಗಡಿಯಲ್ಲ ಎಂಬುದನ್ನು ಗಮನಿಸಬೇಕು. ಅಂಕೋಲೆಯವರು ಕಾರವಾರ ಕ್ಷೇತ್ರದ ಮತದಾರರು. ಹೊನ್ನಾವರ ತಾಲೂಕು ಕುಮಟಾ ಮತ್ತು ಭಟ್ಕಳಗಳ ನಡುವೆ ಹಂಚಿಹೋಗಿದೆ. ಶಿರಸಿ ತಾಲೂಕಿಗೆ ಸೇರಿದ ಬನವಾಸಿ ಹೋಬಳಿಯವರು ಮತ ಹಾಕುವುದು ಯಲ್ಲಾಪುರ ಕ್ಷೇತ್ರಕ್ಕೆ.

ಹೆಚ್ಚಿನವರು ಮರೆಯುವುದು ವಿಧಾನಮಂಡಲದ ಇನ್ನೊಂದು ಸದನವಾದ ವಿಧಾನ ಪರಿಷತ್ತನ್ನು. ಅದರ 75 ಸದಸ್ಯರಲ್ಲಿ 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳು, ತಲಾ ಏಳು ಮಂದಿಯನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಸ್ಥಳೀಯ ಸಂಸ್ಥೆಗಳ ಪೈಕಿ ಒಂದು ಸ್ಥಾನ ನಮ್ಮ ಜಿಲ್ಲೆಯದೇ ಆಗಿದ್ದು, ಗ್ರಾಮ ಪಂಚಾಯಿತಿ ಸದಸ್ಯರ ಮತಕ್ಕೆ ಅಲ್ಲಿ ಬಹಳ ತೂಕವಿದೆ. ಪದವೀಧರರ ಮತ್ತು ಶಿಕ್ಷಕರ ಪಶ್ಚಿಮ ಕ್ಷೇತ್ರಗಳನ್ನು ಮಾತ್ರ ನಾವು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳೊಂದಿಗೆ ಹಂಚಿಕೊಂಡಿದ್ದೇವೆ. ಪದವಿ ಪಡೆದು ಮೂರು ವರ್ಷ ಕಳೆದವರು ಇದಕ್ಕಾಗಿ ಪ್ರತ್ಯೇಕ ಮತದಾರರ ಪಟ್ಟಿಗೆ ತಾವಾಗಿಯೇ ಅರ್ಜಿ ಕೊಡಬೇಕು. ಸಾಮಾನ್ಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಕರಾವಳಿಯ ಪದವೀಧರರು ಈ ಹಕ್ಕನ್ನು ಬಿಟ್ಟುಕೊಡಬಾರದೆಂಬುದು ನನ್ನ ಕಳಕಳಿ.