ಯಾವ ಪತ್ರಿಕೆ, ಯಾವ ತಾರೀಖು?

ಚಳ್ಳಕೆರೆಯಿಂದ ‘ವಿದೇಶಿ ಪತ್ರಿಕೆಗಳು ಮತ್ತು ಭಾರತದ ಮಾನ’ ಎಂಬ ಒಂಬತ್ತು ಪುಟದ ಲೇಖನ ಕಳಿಸಿದ ಗೆಳೆಯರಿಗೆ,

ನಿಮ್ಮ ಹೆಸರು ಹಾಕುತ್ತಿಲ್ಲ, ಊರು ಸಾಕು. ನಮ್ಮ ಪತ್ರಿಕೆಗೆ ಬರೆಯುವ ನಾಲ್ಕಾರು ಮಂದಿ, ಹೆಸರು ತಾರೀಖು ಕೊಡದೆ ದೂರುವ ಇದೇ ತಪ್ಪು ಮಾಡುತ್ತಾರೆ. ಅದಕ್ಕೇ ಉತ್ತರವನ್ನು ಅಂಚೆಗೆ ಹಾಕದೆ ಇಲ್ಲೇ ಅಚ್ಚು ಹಾಕಿಸುತ್ತಿದ್ದೇನೆ.

ಅಕ್ಷರ ದುಂಡಗಿದೆ. ಕಾಗುಣಿತದ ತಪ್ಪು ಮೂರೇ ಮೂರು. ಹಾಳೆಯ ಒಂದೇ ಮಗ್ಗುಲಿಗೆ ಬರೆದಿದ್ದೀರಿ; ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದರೂ ಇದನ್ನು ಪಾಲಿಸುವವರು ಕಡಿಮೆ. ವಿಷಯವೂ ಒಳ್ಳೆಯದೇ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಕೆಟ್ಟ ಲೇಖನ ಬಂದರೆ ನನಗೆ ಸಿಟ್ಟು ಬರುವುದಿಲ್ಲ, ಪಕ್ಕಕ್ಕಿಟ್ಟು ಮಲಗುತ್ತೇನೆ. ನಿಮ್ಮದನ್ನು ಓದಿ ರಾತ್ರಿ ರೊಟ್ಟಿ ಮುರಿಯುವಾಗಲೂ ಸಿಟ್ಟು ಇಳಿದಿರಲಿಲ್ಲ. ಬರೆಯಲು ಬರುವ ಹುಡುಗ ಹೀಗೆ ಬರೆದನಲ್ಲ ಎಂಬ ಸಿಟ್ಟು ಅದು.

ಮೊದಲ ಪುಟ, ಎರಡನೇ ಸಾಲು: “ವಿದೇಶಿ ಮಾಧ್ಯಮಗಳು ಭಾರತದ ಮಾನವನ್ನು ಜಗತ್ತಿನ ಮುಂದೆ ಸದಾ ಹರಾಜಿಗಿಡುತ್ತಲೇ ಬಂದಿವೆ.” ಈ ‘ವಿದೇಶಿ ಮಾಧ್ಯಮಗಳು’ ಒಂಬತ್ತು ಪುಟದಲ್ಲಿ ಮೂವತ್ತೊಂದು ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ. ಪತ್ರಿಕೆಯ ಹೆಸರು ಬಂದದ್ದು ಒಂದು ಸಲ. ತಾರೀಖು ಒಂದೂ ಇಲ್ಲ. ಯಾರ ಮೇಲೆ ಈ ದೂರು? ಲಂಡನ್ನಿನ ಪತ್ರಿಕೆಯ ಮೇಲೋ, ದುಬೈನದರ ಮೇಲೋ? ವರದಿಯ ಮೇಲೋ, ಸಂಪಾದಕೀಯದ ಮೇಲೋ, ಯಾರೋ ಓದುಗ ಬರೆದ ಪತ್ರದ ಮೇಲೋ? ವಿಳಾಸವಿಲ್ಲದ ಸಮನ್ಸು ಯಾರ ಮನೆ ಬಾಗಿಲಿಗೂ ಹೋಗುವುದಿಲ್ಲ.

ಎರಡನೇ ಪುಟಕ್ಕೆ ಬನ್ನಿ. “ಅಮೆರಿಕದ ಪತ್ರಿಕೆಗಳು ನಮ್ಮ ಮಂಗಳಯಾನವನ್ನು ಹೀಯಾಳಿಸಿ ವ್ಯಂಗ್ಯಚಿತ್ರ ಬರೆದವು.” ಪತ್ರಿಕೆಗಳಲ್ಲ, ಒಂದು ಪತ್ರಿಕೆ: ನ್ಯೂಯಾರ್ಕ್ ಟೈಮ್ಸ್. ನೌಕೆ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು, ಚಿತ್ರ ಬಂದದ್ದು ಅದೇ ತಿಂಗಳ ಕೊನೆಗೆ. ಬರೆದವರು ಅಮೆರಿಕದವರೂ ಅಲ್ಲ, ಸಿಂಗಪುರದ ಹೆಂಗ್ ಕಿಮ್ ಸಾಂಗ್. ಚಿತ್ರವನ್ನು ನೀವು ನೋಡಿಲ್ಲ ಎಂದು ನನ್ನ ಗುಮಾನಿ, ಏಕೆಂದರೆ ಅದರಲ್ಲಿ ಏನಿದೆ ಎಂದೇ ನೀವು ಹೇಳಿಲ್ಲ. ರುಮಾಲು ಸುತ್ತಿದ ರೈತ ಹಸು ಹಿಡಿದುಕೊಂಡು ಬಂದು ಬಾಗಿಲು ಬಡಿಯುತ್ತಿದ್ದಾನೆ. ಅದು ಬಾಹ್ಯಾಕಾಶದ ಗಣ್ಯರ ಕ್ಲಬ್ಬು ಎಂಬರ್ಥದ ಬರಹವಿದೆ. ಒಳಗೆ ಕೋಟು ತೊಟ್ಟ ಇಬ್ಬರು ಪೇಪರ್ ಓದುತ್ತಾ ಕುಳಿತಿದ್ದಾರೆ. ಓದುಗರು ಮುಗಿಬಿದ್ದು ಆಕ್ಷೇಪಿಸಿದ ಮೇಲೆ ಸಂಪಾದಕೀಯ ಪುಟದ ಮುಖ್ಯಸ್ಥ ಆಂಡ್ರ್ಯೂ ರೊಸೆಂತಾಲ್ ಫೇಸ್‌ಬುಕ್‌ನಲ್ಲಿ ಕ್ಷಮೆ ಕೇಳಿದರು. ಬಾಹ್ಯಾಕಾಶ ಇನ್ನು ಶ್ರೀಮಂತ ಪಾಶ್ಚಾತ್ಯ ದೇಶಗಳ ಸ್ವತ್ತಲ್ಲ ಎಂದು ಹೇಳುವುದೇ ಕಲಾವಿದನ ಉದ್ದೇಶವಾಗಿತ್ತು ಎಂದೂ ವಿವರಿಸಿದರು.

ಆ ವಿವರಣೆ ನಿಮಗೆ ಒಪ್ಪಿಗೆಯಾಗದಿರಬಹುದು, ನನಗೂ ಅರ್ಧವೇ ಒಪ್ಪಿಗೆ. ಆದರೆ ಕ್ಷಮೆ ಕೇಳಿದ್ದನ್ನು ಬಿಟ್ಟು ಹೀಯಾಳಿಸಿದ್ದನ್ನಷ್ಟೇ ಇಟ್ಟುಕೊಂಡರೆ ಅದು ಲೆಕ್ಕದಲ್ಲಿ ಜಮಾ ಕಲಂ ಹರಿದುಹಾಕಿದ ಹಾಗೆ. ಇನ್ನೊಂದು ಮಾತು. ಹಸು ಹಿಡಿದ ರೈತನನ್ನು ಕಂಡರೆ ನಮಗೇಕೆ ಅವಮಾನವಾಗಬೇಕು? ಅಮೃತಮಹಲ್ ತಳಿ ಮೇಯುತ್ತಿದ್ದ ಸೀಮೆಯವರು ನೀವು. ಲೇಖನ ಇದ್ದದ್ದು ಈ ಪ್ರಶ್ನೆಯಲ್ಲಿ. ನೀವು ಅದರ ಪಕ್ಕದಲ್ಲೇ ಬಸ್ಸು ಓಡಿಸಿಕೊಂಡು ಹೋಗಿಬಿಟ್ಟಿರಿ.

ಈ ಬಹುವಚನದ ಚಟ ನನಗೂ ಇತ್ತು. ಬಿಡಿಸಿದವರು ನನ್ನ ಮೊದಲ ಸಂಪಾದಕರು. ಆಗ ಇಲ್ಲೇ ದಾವಣಗೆರೆಯಲ್ಲಿ ಒಂದು ಸಣ್ಣ ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಹಿಂದುಗಡೆ ಅಚ್ಚಿನ ಮೊಳೆ ಜೋಡಿಸುವ ಕೋಣೆ, ಮುಂದುಗಡೆ ಒಂದು ಮೇಜು, ಮೇಜಿನ ಮೇಲೆ ಚರ್ಮದ ಚೀಲದ ಟ್ರಾನ್ಸಿಸ್ಟರು. 1984ರ ಅಕ್ಟೋಬರ್ 31. ಇಂದಿರಾ ಗಾಂಧಿಯವರಿಗೆ ಗುಂಡೇಟು ಬಿದ್ದದ್ದು ಬೆಳಗ್ಗೆ. ಆಕಾಶವಾಣಿ ಅವರು ತೀರಿಕೊಂಡರೆಂದು ಹೇಳಿದ್ದು ಸಂಜೆ ಆರಕ್ಕೆ. ಬಿಬಿಸಿ ಮಧ್ಯಾಹ್ನವೇ ಹೇಳಿಬಿಟ್ಟಿತ್ತು. ಕರಕರ ಸದ್ದಿನ ನಡುವೆ ಅದನ್ನು ಕೇಳಿಸಿಕೊಂಡ ನಾನು ಕೈ ನಡುಗುತ್ತಲೇ ಬರೆದೆ: “ಪ್ರಧಾನಿ ಇನ್ನಿಲ್ಲವೆಂದು ವಿದೇಶಿ ರೇಡಿಯೊಗಳು ತಿಳಿಸಿವೆ.”

ಸಂಪಾದಕರು ಚೀಟಿ ನೋಡಿ ಕನ್ನಡಕ ಹಣೆಗೇರಿಸಿದರು. “ಎಷ್ಟು ರೇಡಿಯೊ ಕೇಳಿದ್ಯಪ್ಪಾ ತಮ್ಮಾ?”

“ಒಂದು ಸಾರ್. ಬಿಬಿಸಿ.”

“ಎಷ್ಟು ಗಂಟೆಗೆ?”

ಗಡಿಯಾರ ನೋಡಿರಲಿಲ್ಲ.

“ಅವರು ಹೇಳಿದ್ದು ನಿಜ ಇರಬಹುದು. ನೀ ಬರೆದಿದ್ದು ಮಾತ್ರ ಸುಳ್ಳು.”

ಆ ದುಃಖದ ದಿನ, ಊರಿನ ಅಂಗಡಿಗಳೆಲ್ಲ ದಡದಡ ಬಾಗಿಲು ಹಾಕುತ್ತಿದ್ದ ಹೊತ್ತಿನಲ್ಲಿ, ಆ ಮನುಷ್ಯ ‘ಗಳು’ ಎಂಬ ಎರಡಕ್ಷರಕ್ಕೆ ನನ್ನನ್ನು ನಿಲ್ಲಿಸಿಕೊಂಡರಲ್ಲ ಎಂದು ಕಣ್ಣಲ್ಲಿ ನೀರು ಬಂದಿತ್ತು. ಅವರು ಎರಡು ತಲೆಬರಹ ಕಟ್ಟಿಸಿಟ್ಟು, ಆರು ಗಂಟೆಯವರೆಗೆ ಟ್ರೆಡಲ್ ಅಚ್ಚುಯಂತ್ರ ತುಳಿಯಲು ಬಿಡಲಿಲ್ಲ. ಹೋಗಲಿ ಬಿಡಿ, ನಿಮ್ಮ ಲೇಖನಕ್ಕೆ ಬರುತ್ತೇನೆ.

ನಿಮ್ಮ ಎರಡನೇ ಸಾಲಿನಲ್ಲಿ ‘ಸದಾ’ ಎಂಬ ಪದವೂ ಇದೆ, ಅದನ್ನೂ ಹೊಡೆದುಹಾಕಿದ್ದೇನೆ. 1930ರ ಮೇ 21ರಂದು ಗುಜರಾತಿನ ಧಾರಾಸಣದ ಉಪ್ಪಿನ ಕೊಠಾರದ ಮುಂದೆ ಸತ್ಯಾಗ್ರಹಿಗಳು ಸಾಲುಸಾಲಾಗಿ ಬಂದು, ಲಾಠಿ ತಡೆಯಲು ಕೈಯನ್ನೂ ಎತ್ತದೆ ಬಿದ್ದರು. ಅದನ್ನು ಜಗತ್ತಿಗೆ ತೋರಿಸಿದವನು ಯುನೈಟೆಡ್ ಪ್ರೆಸ್ ಎಂಬ ಅಮೆರಿಕದ ಸುದ್ದಿಸಂಸ್ಥೆಯ ವೆಬ್ ಮಿಲ್ಲರ್. ಅವನ ತಂತಿಸುದ್ದಿಯನ್ನು ಇಲ್ಲಿನ ಸರ್ಕಾರ ತಡೆಯಲು ನೋಡಿತು. ಕೊನೆಗೆ ಅದು 1,350 ಪತ್ರಿಕೆಗಳಲ್ಲಿ ಬಂತು, ಅಮೆರಿಕದ ಸೆನೆಟ್‌ನಲ್ಲೂ ಓದಿದರು. ಬ್ರಿಟಿಷರ ‘ಸುಸಂಸ್ಕೃತ ಆಡಳಿತ’ದ ಬಣ್ಣ ಹೊರದೇಶಗಳಲ್ಲಿ ತೊಳೆದುಹೋಗಲು ಆ ಒಂದು ವರದಿಯ ಪಾಲು ದೊಡ್ಡದು. ಮಿಲ್ಲರ್ ಗಾಯಾಳುಗಳನ್ನು ಮಲಗಿಸಿದ್ದ ಕಡೆ ಹೋಗಿ ತಾನೇ ಎಣಿಸಿದ: ಗಾಯಗೊಂಡವರು 320, ಸತ್ತವರು ಇಬ್ಬರು. ಬೈಗುಳವೂ ಇಲ್ಲ, ಭಾರತಪ್ರೇಮವೂ ಇಲ್ಲ, ಬರೀ ಎಣಿಕೆ. ನಮ್ಮ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ 1939ರಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ್ದನ್ನು ಹಾಗೆ ಹೊರದೇಶಕ್ಕೆ ತಲುಪಿಸುವ ಮಿಲ್ಲರ್ ಸಿಗಲಿಲ್ಲ. ಇಂದು ಜಿಲ್ಲೆಯ ಹೊರಗೆ ಎಷ್ಟು ಜನರಿಗೆ ತುರುವನೂರು ಗೊತ್ತು, ಕೇಳಿ ನೋಡಿ.

ಈಗ ಆರನೇ ಪುಟ, ನಿಮ್ಮ ಊರಿನ ಕಾವಲುಗಳ, ಅಂದರೆ ದನ ಕುರಿ ಮೇಯುವ ಹುಲ್ಲುಗಾವಲುಗಳ ವಿಷಯ. ನನ್ನ ಊಟ ಕೆಡಿಸಿದ್ದು ಇದೇ. “ನಮ್ಮ ಚಳ್ಳಕೆರೆಯ ಕಾವಲುಗಳಲ್ಲಿ ಶತಮಾನಗಳಿಂದ ಮುಕ್ತವಾಗಿ ಅಲೆಯುತ್ತಿದ್ದ ಅಲೆಮಾರಿ ಲಂಬಾಣಿಗಳ ನಾಡಿನಲ್ಲಿ ಅಣುನಗರ ಎದ್ದಿದೆ ಎಂದು ವಿದೇಶಿ ಮಾಧ್ಯಮಗಳು ಬರೆದು ನಮ್ಮ ಹೆಸರು ಕೆಡಿಸಿದವು.”

ಮತ್ತೆ ಅದೇ ‘ಮಾಧ್ಯಮಗಳು’. ಅದು ‘ಫಾರಿನ್ ಪಾಲಿಸಿ’, ವಾಷಿಂಗ್ಟನ್ನಿನ ನಿಯತಕಾಲಿಕ, 2015ರ ಡಿಸೆಂಬರ್. ಬರೆದವರು ಬ್ರಿಟನ್ನಿನ ಏಡ್ರಿಯನ್ ಲೆವಿ. ಇಲ್ಲಿ ಸಂಸ್ಕರಿಸುವ ಯುರೇನಿಯಂ ಹೈಡ್ರೋಜನ್ ಬಾಂಬಿಗೆ ಒದಗಬಹುದು ಎಂಬುದು ಅವರ ವಾದ. ‘ರಹಸ್ಯ ಅಣುನಗರ’ ಎಂಬ ಮಾತು 2017ರ ಫೆಬ್ರುವರಿಯಲ್ಲಿ ಇಸ್ಲಾಮಾಬಾದಿನ ವಿದೇಶಾಂಗ ವಕ್ತಾರರ ಬಾಯಲ್ಲೂ ಬಂತು, ದೆಹಲಿ ಅದನ್ನು ಕಲ್ಪನೆಯ ಕೂಸು ಎಂದು ತಳ್ಳಿಹಾಕಿತು. ಅಚ್ಚಿನ ಮಾತು ಹೇಗೆ ದೇಶದಿಂದ ದೇಶಕ್ಕೆ ನಡೆದು ಹೋಗುತ್ತದೆ ಎನ್ನಲು ನಿಮ್ಮ ಮನೆ ಬಾಗಿಲಲ್ಲೇ ಇಷ್ಟು ಒಳ್ಳೆಯ ಉದಾಹರಣೆ ಬಿದ್ದಿತ್ತು.

ಆದರೆ ನನ್ನ ತಕರಾರು ಅದಲ್ಲ. ಆ ‘ಅಲೆಮಾರಿ ಲಂಬಾಣಿಗಳು’ ಎಲ್ಲಿಂದ ಬಂದರು? ಲೆವಿಯವರ ಲೇಖನ ಶುರುವಾಗುವುದೇ ಅವರಿಂದ. ದೂರದಿಂದ ಬಂದವರಿಗೆ ಹಾಗೆ ಕಂಡಿರಬಹುದು. ನೀವು ಚಳ್ಳಕೆರೆಯವರು. ತಾಂಡಾದಲ್ಲಿ ಮನೆ, ರೇಷನ್ ಕಾರ್ಡು, ಮಾರಮ್ಮನ ಗುಡಿ ಇಟ್ಟುಕೊಂಡು ಬಾಳುತ್ತಿರುವವರು ನಿಮಗೆ ಅಲೆಮಾರಿಗಳೇ? ನಿಮ್ಮ ಜೊತೆ ಕಾಲೇಜಿಗೆ ಬಸ್ಸಿನಲ್ಲಿ ಬಂದ ತಾಂಡಾದ ಹುಡುಗ ಒಬ್ಬನೂ ಇರಲಿಲ್ಲವೇ? ಕಾವಲಿನ ಹುಲ್ಲನ್ನು ನಂಬಿದ ಕುರುಬರು, ಗೊಲ್ಲರು, ಮ್ಯಾಸಬೇಡರು ನಿಮ್ಮ ಒಂಬತ್ತು ಪುಟದಲ್ಲಿ ಒಂದು ಕಡೆಯೂ ಇಲ್ಲ. ಆ ಲೇಖನಕ್ಕಿಂತ ಮೊದಲೇ, ಕಾವಲನ್ನು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಕೊಟ್ಟದ್ದರ ಜಗಳ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು, ಅದೂ ಇಲ್ಲ. ಹೊರಗಿನವರು ನಮ್ಮನ್ನು ತಪ್ಪಾಗಿ ನೋಡುತ್ತಾರೆಂದು ದೂರುವ ಲೇಖನದಲ್ಲಿ ನಿಮ್ಮ ಊರನ್ನು ನೀವೇ ಅವರ ಕನ್ನಡಕ ಹಾಕಿಕೊಂಡು ನೋಡಿದ್ದೀರಿ. ಕನ್ನಡಕವನ್ನು ಬೈಯುತ್ತಲೇ ಹಾಕಿಕೊಂಡಿದ್ದೀರಿ.

ಒಂದು ದಿನ ಕಾವಲಿಗೆ ಹೋಗಿ ಬನ್ನಿ. ಖುದಾಪುರದ ಕಡೆಗೋ, ಉಳ್ಳಾರ್ತಿಯ ಕಡೆಗೋ, ಬೇಲಿಯ ಹೊರಗೇ ನಿಂತರೂ ಸಾಕು. ಗೋಡೆ ಎದ್ದ ಮೇಲೆ ಕುರಿಮಂದೆ ನೀರಿಗೆ ಎಷ್ಟು ಸುತ್ತಿ ಹೋಗುತ್ತದೆ, ಕಂಬಳಿ ನೇಯುವವರಿಗೆ ಉಣ್ಣೆ ಎಲ್ಲಿಂದ ಬರುತ್ತಿದೆ ಎಂದು ಕೇಳಿ. 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೊದವರು ಮತ್ತೆ ಮತ್ತೆ ಬಳಸಬಹುದಾದ ಉಡಾವಣೆಗೆಂದು ಕಟ್ಟಿದ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲೆ ಒಯ್ದು ಬಿಟ್ಟರು, ಅದು ಅಲ್ಲಿನ ರನ್‌ವೇ ಮೇಲೆ ತಾನಾಗಿ ಇಳಿಯಿತು. ಆ ಸದ್ದಿಗೆ ಮಂದೆ ಚದುರಿತೇ, ಇಲ್ಲ ಕುರಿಗಳಿಗೂ ಅಭ್ಯಾಸವಾಗಿದೆಯೇ? ಇದನ್ನು ನ್ಯೂಯಾರ್ಕಿನವರು ಬಂದು ನಿಮಗೆ ಹೇಳಬೇಕಿಲ್ಲ.

ಮೂರನೇ ಪುಟದಿಂದ ಐದರವರೆಗಿನದನ್ನು ನಾನು ಓದಿದ್ದೇನೆ, ಹೇಳುವುದೇನಿಲ್ಲ. ಕೊನೆಯ ಪುಟದ ಶ್ಲೋಕ ಬೇಡ.

ಹಸ್ತಪ್ರತಿ ವಾಪಸ್ ಕಳಿಸುತ್ತಿದ್ದೇನೆ. ಏಳನೇ ಹಾಳೆಯ ಹಿಂಬದಿಯಲ್ಲಿ ಬೇರೆ ಯಾರದೋ ಅಕ್ಷರ ಇದೆ, ಮನೆಯ ಹಿರಿಯರದ್ದಿರಬೇಕು: ಶೇಂಗಾ 14 ಚೀಲ, ಹಮಾಲಿ ಇಷ್ಟು, ತೂಕದಲ್ಲಿ ಕಡಿತ ಇಷ್ಟು, ಗಾಡಿ ಬಾಡಿಗೆ ಇಷ್ಟು, ಕೆಳಗೆ ಒಂದು ಗೆರೆ ಎಳೆದು, ಕೂಡಿಸದೆ ಬಿಟ್ಟಿದ್ದಾರೆ. ಅದನ್ನು ಎರಡು ಸಲ ಓದಿದೆ. ಲೆಕ್ಕ ಮನೆಯಲ್ಲಿ ಬೇಕಾಗಿರಬಹುದು, ಮೊದಲು ಅವರಿಗೆ ಕೊಡಿ.