ವೆಬ್ ಆ್ಯಪ್‌ನಲ್ಲಿ ನೆಟ್‌ವರ್ಕ್ ಟೋಪಾಲಜಿ (ಯಾವುದು ಯಾವುದಕ್ಕೆ ಜೋಡಣೆ ಅನ್ನೋ ನಕ್ಷೆ) ತೋರಿಸೋಕೆ ಫೋರ್ಸ್ ಲೇಔಟ್ (ತಳ್ಳು–ಎಳೆತದಿಂದ ತಾನೇ ಜೋಡಣೆಯಾಗೋದು) ಒಳ್ಳೆಯದೋ, ಟ್ರೀ ಲೇಔಟೋ (ಕವಲು ಕವಲಾಗಿ ಹೋಗೋದು)? 200 ನೋಡ್ (ಸಾಧನ) ಇವೆ, 30 ಸೆಕೆಂಡಿಗೊಮ್ಮೆ ಸ್ಟೇಟಸ್ ಬರುತ್ತೆ.

200 ನೋಡ್, 30 ಸೆಕೆಂಡಿಗೊಮ್ಮೆ ಸ್ಟೇಟಸ್ ಅಂದ್ರಲ್ಲ, ನನ್ನ ಹಳೇ ಕೋಡೇ ಕಣ್ಮುಂದೆ ಬಂತು. ಯಾವ ಲೇಔಟ್ ಅನ್ನೋದು ಆಮೇಲಿನ ಮಾತು ಮಾರಾಯ್ರೆ. ಅದನ್ನ ಎಷ್ಟು ಸಲ ಓಡಿಸ್ತೀರಿ ಅನ್ನೋದು ಮೊದಲು.

ನಮ್ಮದು ಶಿವಮೊಗ್ಗ–ತೀರ್ಥಹಳ್ಳಿ–ಹೊಸನಗರ–ಸಾಗರ–ಶಿವಮೊಗ್ಗ ಫೈಬರ್ ರಿಂಗು. ಡಿ3-ಫೋರ್ಸ್ (ಡಿ3 ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಯ ಫೋರ್ಸ್ ಲೇಔಟ್) ಹಾಕಿದ್ದೆ. ಮಳೆಗಾಲದಲ್ಲಿ ತೀರ್ಥಹಳ್ಳಿ–ಹೊಸನಗರ ಮಧ್ಯೆ ಮರ ಬಿದ್ದು ಕೇಬಲ್ ಕಟ್. ಡೌನ್ ಆದ ಲಿಂಕನ್ನ ನಾನು ಡೇಟಾದಿಂದಲೇ ತೆಗೆದು, ಆಲ್ಫಾ (ಸಿಮ್ಯುಲೇಶನ್ನಿನ ಕಾವು) ವಾಪಸ್ 1 ಮಾಡಿ ಸಿಮ್ಯುಲೇಶನ್ ಮತ್ತೆ ಓಡಿಸ್ತಿದ್ದೆ. ಅಲ್ಲೇ ಕೆಟ್ಟಿದ್ದು. ಡಿ3ಯಲ್ಲಿ ಲಿಂಕ್ ಅಂದ್ರೆ ಎಳೆಯೋ ಸ್ಪ್ರಿಂಗ್. ಚಾರ್ಜ್ ಅಂದ್ರೆ ಎಲ್ಲ ನೋಡುಗಳೂ ಒಂದನ್ನೊಂದು ತಳ್ಳೋದು, ಡೀಫಾಲ್ಟ್ ಮೈನಸ್ 30. ಒಂದು ಸ್ಪ್ರಿಂಗ್ ಹೋದ್ರೆ ಅಲ್ಲಿ ತಳ್ಳೋದೊಂದೇ ಉಳಿಯುತ್ತೆ. ಸುಮಾರು 300 ಟಿಕ್ (ಲೆಕ್ಕದ ಸುತ್ತು) ಮುಗಿಯೋಷ್ಟರಲ್ಲಿ ರಿಂಗು ಬಿಚ್ಚಿ ಸರ ಆಯ್ತು: ಒಂದು ತುದಿಗೆ ತೀರ್ಥಹಳ್ಳಿ, ಇನ್ನೊಂದು ತುದಿಗೆ ಹೊಸನಗರ. ಕಟ್ ಆದ ಜಾಗವೇ ಚಿತ್ರದಲ್ಲಿಲ್ಲ! ಕೆಂಪು ಗೆರೆ ಇಲ್ಲ, ಹೊಸನಗರದ ಪಕ್ಕ ಕಾಣೋದು ಸಾಗರ ಒಂದೇ. ಲೈನ್‌ಮ್ಯಾನ್ ಜೀಪು ಸಾಗರದ ಕಡೆ ಹೋಯ್ತು.

ಈಗ ಹೀಗೆ: ಲೇಔಟ್ ಒಂದೇ ಸಲ ಓಡಿಸಿ, ಕೈಯಿಂದ ಎಳೆದು ಸರಿ ಮಾಡಿ, ಎಕ್ಸ್–ವೈ ಡೇಟಾಬೇಸಿಗೆ ಹಾಕಿ. ತಿರುಗಿ ಲೋಡ್ ಆದಾಗ ಡಿ3 ಆದ್ರೆ ಜಾಗ ಗಟ್ಟಿ ಮಾಡೋ ಎಫ್‌ಎಕ್ಸ್, ಎಫ್‌ವೈ. ಸೈಟೋಸ್ಕೇಪ್ (ಇನ್ನೊಂದು ಲೈಬ್ರರಿ) ಆದ್ರೆ ಕೊಟ್ಟ ಜಾಗದಲ್ಲೇ ಇಡೋ ‘ಪ್ರೀಸೆಟ್’. ಲಿಂಕ್ ಡೌನ್ ಆದ್ರೆ ಬಣ್ಣ ಬದಲಾಗ್ಲಿ, ಗೆರೆ ಅಳಿಸಬೇಡಿ. ಹೊಸ ನೋಡ್ ಬಂದ್ರೆ ಅದನ್ನ ನೆರೆಯ ನೋಡ್ ಪಕ್ಕ ಬಿಟ್ಟು ಉಳಿದವನ್ನೆಲ್ಲ ಪಿನ್ ಮಾಡಿ.

ಟ್ರೀ ಬೇಕಾಗೋದು ಓಎಲ್‌ಟಿ (ಕಂಪನಿ ಕಡೆಯ ಫೈಬರ್ ಪೆಟ್ಟಿಗೆ), ಸ್ಪ್ಲಿಟರ್ (ಒಂದು ಫೈಬರನ್ನ ಹಲವು ಮಾಡೋದು), ಮನೆಯ ಓಎನ್‌ಯು (ಮನೆ ಕಡೆಯ ಪೆಟ್ಟಿಗೆ) ಸಾಲಿಗೆ ಮಾತ್ರ. ರಿಂಗಿಗೆ ಡಾಗ್ರೆ (ಹಂತ ಹಂತವಾಗಿ ಜೋಡಿಸೋ ಲೇಔಟ್ ಲೈಬ್ರರಿ) ಹಾಕ್ಬೇಡಿ. ಅದಕ್ಕೆ ಮೇಲೆ–ಕೆಳಗೆ ಬೇಕೇ ಬೇಕು, ರಿಂಗಲ್ಲಿ ಯಾರೂ ದೊಡ್ಡೋರಲ್ಲ. ಟ್ರೀ ಹಾಕಿದ್ರೂ ಎಡದಿಂದ ಬಲಕ್ಕೆ ಹಾಕಿ. ಒಂದು ಸ್ಪ್ಲಿಟರಿಗೆ 32 ಮನೆ, 120 ಪಿಕ್ಸೆಲ್ ಲೇಬಲ್, ಮಧ್ಯೆ ಡಾಗ್ರೆಯ ಡೀಫಾಲ್ಟ್ ಅಂತರ 50 ಅಂತಿಟ್ಕೊಳ್ಳಿ: ಮೇಲಿಂದ ಕೆಳಗೆ ಹಾಕಿದ್ರೆ 5,390 ಪಿಕ್ಸೆಲ್ ಅಗಲ. ಎಡದಿಂದ ಬಲಕ್ಕೆ ಹಾಕಿ, ಎತ್ತರ 30, ಅಂತರ 10 ಇಟ್ರೆ 1,270 ಎತ್ತರ. ಸ್ಕ್ರಾಲ್ ಮಾಡಿ ಓದಬಹುದು.

ಚಿತ್ರ ತೋರಿಸೋಕೆ ರಿಯಾಕ್ಟ್ ಫ್ಲೋ ಲೈಬ್ರರಿ ಬಳಸ್ತಿದ್ರೆ ಇನ್ನೊಂದು: ಡಾಗ್ರೆ ಕೊಡೋದು ನೋಡಿನ ನಡುಬಿಂದು, ರಿಯಾಕ್ಟ್ ಫ್ಲೋ ಡೀಫಾಲ್ಟಾಗಿ ಕೇಳೋದು ಎಡ ಮೇಲ್ಮೂಲೆ. ಅರ್ಧ ಅಗಲ, ಅರ್ಧ ಎತ್ತರ ಕಳೀರಿ.