ಟೆಂಪೋ ಟ್ರಾವೆಲರ್ ಅನ್ನು ಮನೆ-ವಾಹನ ಮಾಡಿದರೆ ನೋಂದಣಿ, ವಿಮೆ ಹೇಗೆ?

ಗಂಗಾವತಿಯಲ್ಲಿ ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಹಿಂದಿನ ಸೀಟು ಕಿತ್ತು ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿ ಆನೆಗೊಂದಿ ಕಡೆ ಸುತ್ತುವ ಆಸೆ ನಿಮ್ಮದು. ಮಾಡಬಹುದು. ಆದರೆ ಬಡಗಿಯನ್ನು ಕರೆಸುವ ಮೊದಲು ಕೊಪ್ಪಳದ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಬಡಗಿಯ ಪ್ಲೈವುಡ್ ಕೆಲಸ ಎಷ್ಟು ಚೆಂದವಿದ್ದರೂ ಕಾನೂನು ಅದನ್ನು ನೋಡುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮನಬಂದಂತೆ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಒತ್ತಿ ಹೇಳಿದೆ. ಮೋಟಾರ್ ಕ್ಯಾರವಾನ್‌ಗೆ, ಅಂದರೆ ಇಂಥ ಮನೆ-ವಾಹನಕ್ಕೆ, ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಅದರಂತೆ ಅನುಮೋದನೆ ಪಡೆದ ತಯಾರಕರಿಂದ ಕೆಲಸ ಮಾಡಿಸುವುದೇ ಸಲೀಸು. ಒಂದೇ ಗಾಡಿಗಾಗಿ ನೀವೇ ವಾಹನ ಪರೀಕ್ಷಾ ಸಂಸ್ಥೆಗೆ ಅಲೆಯುವುದು ನನ್ನ ದೃಷ್ಟಿಯಲ್ಲಿ ದುಬಾರಿ ಹಟ. ಸ್ವಂತ ಬಳಕೆಗೋ ಬಾಡಿಗೆಗೋ ಎಂಬುದನ್ನು ಮೊದಲೇ ತೀರ್ಮಾನಿಸಿ. ತೆರಿಗೆ, ಪರ್ಮಿಟ್ ಅದರ ಮೇಲೆ ನಿಂತಿವೆ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವನ್ನೂ ತೆಗೆದುಕೊಳ್ಳಿ.

ತೂಕವನ್ನು ಮರೆಯಬೇಡಿ. ನೂರು ಲೀಟರ್ ಟ್ಯಾಂಕ್ ತುಂಬಿದರೆ ನೀರೇ ನೂರು ಕಿಲೋ. ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿ ದಾಟಬಾರದು.

ಆರ್‌ಸಿಯಲ್ಲಿ ಬದಲಾವಣೆ ನಮೂದಾದ ಮೇಲೆ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಫ್ರಿಜ್, ಬ್ಯಾಟರಿ, ಮಂಚದ ಬೆಲೆಯನ್ನು ಬಿಲ್ಲುಗಳ ಸಮೇತ ಪಾಲಿಸಿಗೆ ಸೇರಿಸಿ. ಪ್ರೀಮಿಯಂ ಹೆಚ್ಚಾಗುತ್ತದೆ, ಆಗಲಿ. ಮುಚ್ಚಿಟ್ಟರೆ ಅಪಘಾತವಾದಾಗ ನಿಮ್ಮ ಗಾಡಿಯ ನಷ್ಟಭರ್ತಿಯ ಕ್ಲೇಮು ತಿರಸ್ಕೃತವಾಗಬಹುದು.